ಕ್ಯಾನೆಯಲ್ಲಿ ಗೆದ್ದ ಹ್ಯಾನಿಬಲ್‌ಗೆ ರೋಮ್ ಯಾಕೆ ಸಿಗಲಿಲ್ಲ?

ನಮ್ಮ ಸೊಸೈಟಿಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬ ಇದ್ದಾನೆ. ಲಿಫ್ಟ್‌ನಲ್ಲಿ ಸಿಕ್ಕಾಗಲೆಲ್ಲ ಅವನದ್ದು ಒಂದೇ ಪ್ರಶ್ನೆ: "ಅಂಕಲ್, ಅಲೆಕ್ಸಾಂಡರ್ ದೊಡ್ಡವನಾ, ಹ್ಯಾನಿಬಲ್ ದೊಡ್ಡವನಾ?" ನಾಲ್ಕನೇ ಮಹಡಿ ಬರುವಷ್ಟರಲ್ಲಿ ಇದಕ್ಕೆ ಉತ್ತರ ಹೇಳೋಕಾಗಲ್ಲ. ಹಾಗಾಗಿ ಇವತ್ತಿನ ಮಾತು ಇದೇ.

ಪ್ರಶ್ನೆ ಹೊಸದೇನಲ್ಲ. ರೋಮಿನ ಇತಿಹಾಸಕಾರ ಲಿವಿ ಒಂದು ಕಥೆ ಹೇಳ್ತಾನೆ. ಯುದ್ಧವೆಲ್ಲ ಮುಗಿದು ಎಷ್ಟೋ ವರ್ಷಗಳ ಮೇಲೆ ಹ್ಯಾನಿಬಲ್, ತನ್ನನ್ನು ಸೋಲಿಸಿದ ಸಿಪಿಯೋನನ್ನು ಎಫೆಸಸ್‌ನಲ್ಲಿ ಭೇಟಿಯಾದನಂತೆ. ಎಲ್ಲರಿಗಿಂತ ದೊಡ್ಡ ಸೇನಾಪತಿ ಯಾರು ಅಂತ ಸಿಪಿಯೋ ಕೇಳಿದ. ಮೊದಲು ಅಲೆಕ್ಸಾಂಡರ್, ಆಮೇಲೆ ಪಿರಸ್, ಮೂರನೆಯವನು ನಾನು ಅಂದ ಹ್ಯಾನಿಬಲ್. ನನ್ನನ್ನು ಸೋಲಿಸಿದ್ದಿದ್ರೆ? ಆಗ ಅಲೆಕ್ಸಾಂಡರ್‌ಗಿಂತಲೂ ಮೇಲೆ ಇರ್ತಿದ್ದೆ ಅಂದನಂತೆ. ಈ ಭೇಟಿ ನಿಜವಾಗಿ ನಡೆಯಿತಾ ಅನ್ನೋದರ ಬಗ್ಗೆ ಇತಿಹಾಸಕಾರರಿಗೆ ಅನುಮಾನ ಇದೆ. ಕಥೆ ಮಾತ್ರ ಮಜವಾಗಿದೆ.

ಈಗ ಕ್ಯಾನೆಗೆ ಬರೋಣ. ದಕ್ಷಿಣ ಇಟಲಿಯ ಬಯಲು, ಕ್ರಿ.ಪೂ. 216. ಪಾಲಿಬಿಯಸ್ ಕೊಡುವ ಲೆಕ್ಕದಲ್ಲಿ ರೋಮನ್ನರ ಕಡೆ ಸುಮಾರು 80,000 ಕಾಲಾಳು, 6,000 ಕುದುರೆ ಸವಾರರು. ಹ್ಯಾನಿಬಲ್ ಹತ್ತಿರ ಕಾಲಾಳು ಅದರ ಅರ್ಧ, ಆದ್ರೆ ಸವಾರರು 10,000. ನಡುವೆ ಗಾಲ್ ಮತ್ತು ಸ್ಪೇನಿನ ಸೈನಿಕರನ್ನು ಬಿಲ್ಲಿನ ಹಾಗೆ ಮುಂದಕ್ಕೆ ಬಾಗಿಸಿ ನಿಲ್ಲಿಸಿದ. ಅವರು ಹೊಡೆದಾಡುತ್ತಲೇ ನಿಧಾನವಾಗಿ ಹಿಂದೆ ಸರಿದರು. ಗೆದ್ದೇ ಬಿಟ್ವಿ ಅಂತ ರೋಮನ್ನರು ಒಳಗೆ ನುಗ್ಗಿದರು. ಆಗ ಎರಡೂ ಪಕ್ಕದಲ್ಲಿ ಕಾಯ್ತಾ ಇದ್ದ ಆಫ್ರಿಕಾದ ಕಾಲಾಳುಗಳು ಒಳಮುಖವಾಗಿ ತಿರುಗಿದರು. ರೋಮಿನ ಸವಾರರನ್ನು ಓಡಿಸಿ ಬಂದ ಕುದುರೆ ದಂಡು ಹಿಂದಿನಿಂದ ಬಿತ್ತು. ಸತ್ತವರು ಲಿವಿ ಪ್ರಕಾರ ಸುಮಾರು 48,000, ಪಾಲಿಬಿಯಸ್ ಪ್ರಕಾರ 70,000. ಕಡಿಮೆ ಲೆಕ್ಕವನ್ನೇ ಹಿಡಿದರೂ ಇದೆಲ್ಲ ಒಂದೇ ದಿನದಲ್ಲಿ!

ಇದರ ಪಕ್ಕದಲ್ಲಿ ಅಲೆಕ್ಸಾಂಡರನ ಗೌಗಮೇಲ ಇಟ್ಟು ನೋಡಿ. ಕ್ರಿ.ಪೂ. 331. ಅಲ್ಲಿಯೂ ಚಿಕ್ಕ ಸೈನ್ಯ ದೊಡ್ಡದನ್ನು ಮುರಿಯಿತು. ಆದ್ರೆ ಪರ್ಷಿಯಾದ ದೊರೆ ಡೇರಿಯಸ್ ಮೈದಾನ ಬಿಟ್ಟು ಓಡಿದ. ಬ್ಯಾಬಿಲೋನ್, ಸೂಸಾ ಎರಡೂ ಯುದ್ಧವಿಲ್ಲದೆ ಬಾಗಿಲು ತೆರೆದವು. ಮಾರನೇ ವರ್ಷ ಡೇರಿಯಸ್‌ನನ್ನು ಅವನ ಕಡೆಯವರೇ ಕೊಂದರು. ಒಬ್ಬ ರಾಜನ ಮೇಲೆ ನಿಂತಿದ್ದ ಸಾಮ್ರಾಜ್ಯ ಅವನ ಜೊತೆಗೇ ಬಿತ್ತು.

ರೋಮ್‌ನಲ್ಲಿ ಬೀಳಿಸೋಕೆ ರಾಜನೇ ಇರಲಿಲ್ಲವಲ್ಲ! ವರ್ಷಕ್ಕಿಬ್ಬರು ಕಾನ್ಸಲ್‌ಗಳು, ಮುಂದಿನ ವರ್ಷ ಬೇರೆ ಇಬ್ಬರು. ಕ್ಯಾನೆಯಲ್ಲಿ ಪೌಲಸ್ ಸತ್ತ, ಇನ್ನೊಬ್ಬ ಕಾನ್ಸಲ್ ವಾರೋ ಓಡಿ ಬದುಕಿದ. ಅಷ್ಟು ದೊಡ್ಡ ಸೋಲು ಹೊತ್ತು ಬಂದವನನ್ನು ಜನ ಊರ ಹೊರಗೆ ಬಂದು ಎದುರುಗೊಂಡರು, ರಾಜ್ಯದ ಮೇಲೆ ಆಸೆ ಬಿಡಲಿಲ್ಲ ಅಂತ ಧನ್ಯವಾದ ಹೇಳಿದರು. ಸೆರೆ ಸಿಕ್ಕವರನ್ನು ಹಣ ಕೊಟ್ಟು ಬಿಡಿಸಿಕೊಳ್ಳಲ್ಲ ಅಂದಿತು ಸೆನೆಟ್. ಬದಲಿಗೆ ಸರ್ಕಾರದ ದುಡ್ಡಲ್ಲಿ 8,000 ಗುಲಾಮರನ್ನು ಕೊಂಡು ಕೈಗೆ ಕತ್ತಿ ಕೊಟ್ಟರು. ಕಲ್ಲು ಮನಸ್ಸು ಅಂದರೆ ಇದು. ಯುದ್ಧಕ್ಕೆ ಕೆಲವು ವರ್ಷ ಮುಂಚೆ, ಕ್ರಿ.ಪೂ. 225ರಲ್ಲಿ, ರೋಮ್ ಮತ್ತು ಮಿತ್ರ ಊರುಗಳು ಸೇರಿ 7 ಲಕ್ಷಕ್ಕೂ ಹೆಚ್ಚು ಕಾಲಾಳುಗಳನ್ನು ಕೊಡಬಹುದಿತ್ತು ಅಂತ ಪಾಲಿಬಿಯಸ್ ಬರೆದಿದ್ದಾನೆ.

ಹ್ಯಾನಿಬಲ್‌ಗೂ ಇದು ಗೊತ್ತಿತ್ತು. ಅದಕ್ಕೇ ಮಿತ್ರ ಊರುಗಳ ಸೆರೆಯಾಳುಗಳನ್ನು ಪುಕ್ಕಟೆ ಬಿಟ್ಟು ಕಳಿಸ್ತಿದ್ದ. ನಿಮ್ಮ ಮೇಲೆ ಜಗಳ ಇಲ್ಲ, ರೋಮ್ ಮೇಲೆ ಅಂತ. ಕಾಪುವಾದಂಥ ದೊಡ್ಡ ಊರು ಅವನ ಕಡೆ ಬಂತು ಕೂಡ. ಆದ್ರೆ ಕ್ರಿ.ಪೂ. 211ರಲ್ಲಿ ರೋಮನ್ನರು ಅದನ್ನು ವಾಪಸ್ ಹಿಡಿದರು. ಕ್ರಿ.ಪೂ. 209ರಲ್ಲಿ 30 ಲ್ಯಾಟಿನ್ ವಸಾಹತುಗಳಲ್ಲಿ 12, ಇನ್ನು ಜನವೂ ಇಲ್ಲ ದುಡ್ಡೂ ಇಲ್ಲ ಅಂದವು. ಉಳಿದ 18 ಕೇಳಿದ್ದಕ್ಕಿಂತ ಜಾಸ್ತಿ ಕೊಡ್ತೀವಿ ಅಂದವು. ಇಲ್ಲಿಗೆ ಬಂದಾಗಲೆಲ್ಲ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂರ್ತೀನಿ. ಇಡೀ ಯುದ್ಧ ಆ 18 ಊರುಗಳ ಮೇಲೆ ನಿಂತಿತ್ತು ಅನ್ನಿಸುತ್ತೆ.

ಹಾಗಂತ ಹ್ಯಾನಿಬಲ್ ಚಿಕ್ಕವನಾ? ಖಂಡಿತ ಅಲ್ಲ. ಅವನ ದಂಡಿನಲ್ಲಿ ಆಫ್ರಿಕನ್ನರು, ಸ್ಪೇನಿನವರು, ಗಾಲ್‌ಗಳು, ಗ್ರೀಕರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ. ನಮ್ಮ ಸೊಸೈಟಿಯಲ್ಲಿ ನಾಲ್ಕು ಭಾಷೆಯವರು ಸೇರಿ ನೀರಿನ ಟ್ಯಾಂಕರ್ ವಿಷಯಕ್ಕೆ ಒಂದು ಮೀಟಿಂಗ್ ನೆಟ್ಟಗೆ ಮಾಡೋಕಾಗಲ್ಲ. ಅವನು ಅವರನ್ನು ಹದಿನಾರು ವರ್ಷ ಯುದ್ಧದಲ್ಲಿ ಇಟ್ಟುಕೊಂಡಿದ್ದ, ಒಂದು ಸಲವೂ ದಂಗೆ ಆಗಲಿಲ್ಲ ಅಂತ ಮೆಚ್ಚಿದವನು ಅದೇ ಪಾಲಿಬಿಯಸ್, ರೋಮಿನ ದೊಡ್ಡ ಮನೆಯವರ ಸ್ನೇಹಿತ. ಅಲೆಕ್ಸಾಂಡರನ ಸ್ವಂತ ಮ್ಯಾಸಿಡೋನಿಯದವರೇ ಬಿಯಾಸ್ ನದಿ ಹತ್ತಿರ ಬಂದು, ಇನ್ನು ಮುಂದೆ ಬರಲ್ಲ ಅಂದಿದ್ದು ನೆನಪಿದೆಯಲ್ಲ?

ಆದ್ರೆ ಹ್ಯಾನಿಬಲ್ ಕಳಕೊಂಡ ಸೈನಿಕನ ಜಾಗಕ್ಕೆ ಇನ್ನೊಬ್ಬ ಬರೋದು ಕಷ್ಟ ಇತ್ತು. ಸ್ಪೇನಿನಿಂದ ಸೈನ್ಯ ತಂದ ತಮ್ಮ ಹಸ್ದ್ರುಬಲ್ ಕ್ರಿ.ಪೂ. 207ರಲ್ಲಿ ಮೆಟಾರಸ್ ನದಿ ಹತ್ತಿರ ಸತ್ತ. ಅಣ್ಣನಿಗೆ ಆ ಸುದ್ದಿ ಮುಟ್ಟಿದ್ದು, ರೋಮನ್ನರು ತಮ್ಮನ ತಲೆಯನ್ನು ಅವನ ಪಾಳೆಯದ ಮುಂದೆ ಎಸೆದಾಗ.

ಕೊನೆಗೆ ಕ್ರಿ.ಪೂ. 202, ಜಾಮಾ. ಹ್ಯಾನಿಬಲ್ ಹತ್ತಿರ 80ಕ್ಕೂ ಹೆಚ್ಚು ಆನೆಗಳಿದ್ದವು. ಸಿಪಿಯೋ ತನ್ನ ಸಾಲುಗಳ ಮಧ್ಯೆ ಓಣಿ ಬಿಟ್ಟು, ಆನೆಗಳು ಸುಮ್ಮನೆ ಹಾದುಹೋಗೋ ಹಾಗೆ ಮಾಡಿದ. ನುಮಿಡಿಯಾದ ಮಾಸಿನಿಸ್ಸನ ಸವಾರರು ಈ ಸಲ ರೋಮಿನ ಕಡೆ ಇದ್ದರು. ಕ್ಯಾನೆಯಲ್ಲಿ ಆದ ಹಾಗೇ ಕುದುರೆ ದಂಡು ಹಿಂದಿನಿಂದ ಬಿತ್ತು, ಆದ್ರೆ ಈಗ ಹ್ಯಾನಿಬಲ್ ಮೇಲೆ. ಹದಿಹರೆಯದಲ್ಲಿ ಸಿಪಿಯೋ ಕ್ಯಾನೆಯಿಂದ ಬದುಕಿ ಬಂದವನು ಅಂತಾನೆ ಲಿವಿ.

ಹುಡುಗನಿಗೆ ಇಷ್ಟೇ ಹೇಳಿದೆ: ಮೈದಾನದಲ್ಲಿ ನನ್ನ ಓಟು ಹ್ಯಾನಿಬಲ್‌ಗೆ. ಸೈನ್ಯ ಯಾವುದು ದೊಡ್ಡದು ಅಂದ್ರೆ, ಸೋತರೂ ಮತ್ತೆ ಬಂದ ರೋಮಿನದ್ದು. "ಹಾಗಾದ್ರೆ ಸಿಪಿಯೋ?" ಅಂದ. ಅಷ್ಟರಲ್ಲಿ ಅವನ ಮಹಡಿ ಬಂತು. ಮುಂದಿನ ವಾರ ಸಿಪಿಯೋ ಕಥೆ ಹೇಳ್ತೀನಿ, ಅಲ್ಲಿವರೆಗೂ ನಮಸ್ಕಾರ.