ಕೊಳೆರೋಗದ ಮದ್ದು ನಾಪೋಕ್ಲಿಗೆ ಬಂದ ದಾರಿ

ನಮ್ಮ ತೋಟಗಳಲ್ಲಿ ಮಳೆಗಾಲದ ನಡುವೆ ಕೇಳಿಬರುವ 'ಕೊಳೆರೋಗ' ಎಂಬ ಮಾತು ವಿಜ್ಞಾನದ ಗ್ರಂಥಗಳನ್ನೂ ಸೇರಿದೆಯೆಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತೋ ಕಾಣೆ. ಕಾಫಿಯ ಎಲೆ ಕಾಯಿಗಳನ್ನು ಕಪ್ಪಾಗಿಸಿ ಕೊಳೆಸುವ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಎಂ.ಸಿ. ಕುಕ್ ಅವರು 'ಪೆಲಿಕ್ಯುಲೇರಿಯ ಕೊಳೆರೋಗ' ಎಂದೇ ಹೆಸರಿಟ್ಟರು. ಆ ಶಾಸ್ತ್ರೀಯ ನಾಮ ಈಗ ಬದಲಾಗಿದೆ, ನಮ್ಮ ಮಾತು ಉಳಿದಿದೆ.

ಹೆಸರು ಇಲ್ಲಿಂದ ಹೋದಷ್ಟು ಬೇಗ ಮದ್ದು ಇಲ್ಲಿಗೆ ಬರಲಿಲ್ಲ. ಮೈಸೂರು ಸಂಸ್ಥಾನವು ಡಾ. ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1925ರಲ್ಲಿ, ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರವನ್ನು ತೆರೆಯಿತು. ಕೊಡಗು ಆಗ ಬ್ರಿಟಿಷರ ಆಡಳಿತದ ಬೇರೆ ಪ್ರಾಂತ. ನಮ್ಮ ಚೆಟ್ಟಳ್ಳಿಯಲ್ಲಿ ಉಪಕೇಂದ್ರ ಬಂದುದು 1946ರಲ್ಲಿ. ಅಲ್ಲಿ ಸಲಹೆಗೆ ಹಣವಿರಲಿಲ್ಲ. ಆದರೂ 'ಉಚಿತ' ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ನಾಪೋಕ್ಲಿನಿಂದ ಮಡಿಕೇರಿ ದಾಟಿ ಚೆಟ್ಟಳ್ಳಿಗೆ ಹೋಗಿಬರುವುದೆಂದರೆ, ಎರಡು ಎಕರೆಯ ಬೆಳೆಗಾರನಿಗೆ ಒಂದು ದಿನದ ಕೆಲಸ ಹೋದಂತೆಯೇ. ದೊಡ್ಡ ಎಸ್ಟೇಟಿನವರಿಗೆ ಜೀಪೂ ಇತ್ತು, ಇಂಗ್ಲಿಷೂ ಇತ್ತು.

ಚಿಕ್ಕವರಿಗೆ ಇದ್ದುದು ಕರಪತ್ರ, ಮತ್ತು ಅದನ್ನು ಓದಿ ಹೇಳಲು ಊರಿನ ಮೇಷ್ಟ್ರು. ಶಾಲೆ ಬಿಟ್ಟ ಮೇಲೆ ಜಗಲಿಗೆ ಬಂದು, "ಮೇಷ್ಟ್ರೇ, ಇದರಲ್ಲಿ ಏನು ಬರೆದಿದ್ದಾರೆ, ಸ್ವಲ್ಪ ಓದಿ" ಎನ್ನುತ್ತಿದ್ದರು. ಬೋರ್ಡೋ ದ್ರಾವಣದ ಲೆಕ್ಕ ನನಗೆ ಬಾಯಿಪಾಠವಾದುದು ಹಾಗೆ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದಿದಾಗ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು. ಈ ಪರೀಕ್ಷೆಯನ್ನು ಏಳನೆಯ ತರಗತಿಯವರಿಗೂ ಮಾಡಿ ತೋರಿಸಿದ್ದೇನೆ, ನಿಮಗೆ ನೆನಪಿರಬಹುದು.

ಅನಂತರದ ಕಥೆ ನಿಮಗೂ ಗೊತ್ತು. 1993ರಲ್ಲಿ ಮಡಿಕೇರಿ ಆಕಾಶವಾಣಿ, 2000ದ ಸುಮಾರಿಗೆ ಹೋಬಳಿಗಳಲ್ಲಿ ರೈತ ಸಂಪರ್ಕ ಕೇಂದ್ರಗಳು. 2004ರ ಜನವರಿ 21ರಂದು ಆರಂಭವಾದ ಕಿಸಾನ್ ಕಾಲ್ ಸೆಂಟರಿನ ಸಂಖ್ಯೆ 1800-180-1551. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಕನ್ನಡದಲ್ಲಿಯೇ ಕೇಳಬಹುದು, ಕರೆಗೆ ಹಣವಿಲ್ಲ. ಓದು ಬಾರದ ಅಜ್ಜಿಗೂ ಈಗ ಮೇಷ್ಟ್ರ ಹಂಗಿಲ್ಲ. ಇದು ನನಗೆ ನಿಜವಾದ ಸಂತೋಷ.

ಆದರೆ ಫೋನಿನಲ್ಲಿ ಎಲೆಯನ್ನು ತೋರಿಸಲಾಗದು. ರೋಗ ಯಾವುದೆಂದೇ ತಿಳಿಯದಿದ್ದಾಗ ರೆಂಬೆಯನ್ನೇ ಕೊಯ್ದು ಒಯ್ಯಬೇಕು: ಕಾಫಿಯಾದರೆ ಚೆಟ್ಟಳ್ಳಿಗೆ, ಏಲಕ್ಕಿ ಮೆಣಸಾದರೆ ಮಡಿಕೇರಿ ಸಮೀಪದ ಅಪ್ಪಂಗಳಕ್ಕೆ, ಉಳಿದುದಕ್ಕೆ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರಕ್ಕೆ. ಒದ್ದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ದಾರಿಯಲ್ಲೇ ಕೊಳೆಯುತ್ತದೆ. ಹಳೆಯ ಪತ್ರಿಕೆಯ ಹಾಳೆ ಸಾಕು.