89ನೆಯ ನಿಮಿಷ

ಪಂದ್ಯ ಸೋತ ಸಂಜೆ ಮೈದಾನದಿಂದ ನೆಟ್ಟಗೆ ಮನೆಗೆ ಹೋಗುವುದು ಬೆಂಗಳೂರಿನ ದಂಡುಪ್ರದೇಶದಲ್ಲಿ ಬೆಳೆದ ಯಾವ ಕಾಲ್ಚೆಂಡಿನ ಅಭಿಮಾನಿಗೂ ಸಾಧ್ಯವಾಗುತ್ತಿರಲಿಲ್ಲ. ಗೆದ್ದ ದಿನ ಕೂಗಿ ಕುಣಿದು ಚದರಿಹೋಗುತ್ತಿದ್ದ ಜನವೇ ಸೋತ ದಿನ ಆಸ್ಟಿನ್ ಟೌನಿನ ಚಹದಂಗಡಿಯ ಮುಂದೆ ಗುಂಪುಗೂಡಿ, ಗೋಲಿನಲ್ಲಿ ನಿಂತವನಿಂದ ಮೊದಲುಗೊಂಡು ಫಾರ್ವರ್ಡ್ ಸಾಲಿನ ಕೊನೆಯವನವರೆಗೆ ಹನ್ನೊಂದು ಜನರನ್ನೂ ಒಬ್ಬೊಬ್ಬರಾಗಿ ತಕ್ಕಡಿಗೆ ಹಾಕಿ, ಯಾರ ಕಾಲು ಎಲ್ಲಿ ತಡವಾಯಿತು, ಯಾರ ಕಣ್ಣು ಎಲ್ಲಿ ತಪ್ಪಿತು, ಯಾರು ಉಸಿರು ಕಟ್ಟುವವರೆಗೆ ಓಡಿದರು, ಯಾರು ಓಡದೆ ನಿಂತರು ಎಂಬುದನ್ನೆಲ್ಲ ಇತ್ಯರ್ಥಮಾಡಿದ ಬಳಿಕವೇ ಒಲ್ಲದ ಮನಸ್ಸಿನಿಂದ ಮನೆಯ ದಾರಿ ಹಿಡಿಯುತ್ತಿದ್ದಿತು. ಸೋಲಿನ ದುಃಖವು ಹಂಚಿಕೊಂಡಾಗ ಮಾತ್ರ ಸಹ್ಯವಾಗುವಂತಹುದು. ಆ ಹಂಚಿಕೆಗೆ ನಮ್ಮವರು ಕಂಡುಕೊಂಡಿದ್ದ ಕ್ರಮವೇ ಈ ವಿಚಾರಣೆ.

ನನ್ನ ಸೋದರಮಾವ ಇಂತಹ ವಿಚಾರಣೆಗಳಲ್ಲಿ ಮುಂದಾಳಾಗಿದ್ದರು. ಯಾವ ಸೋಲಿನ ಚರ್ಚೆಯೇ ಆಗಲಿ, ಅದು ಕೊನೆಗೆ ಸುತ್ತಿಬಳಸಿ ಬಂದು ನಿಲ್ಲುತ್ತಿದ್ದುದು ಅವರು ಕಣ್ಣಾರೆ ಕಾಣದೆ, ವೃತ್ತಪತ್ರಿಕೆಗಳಲ್ಲಿ ಓದಿ, ಬಲ್ಲವರ ಬಾಯಿಂದ ಕೇಳಿ ಮನಸ್ಸಿನಲ್ಲಿ ನೂರಾರು ಸಲ ಆಡಿ ನೋಡಿದ್ದ ಒಂದೇ ಪಂದ್ಯದಲ್ಲಿ. “ಎರಡು ಪೆನಾಲ್ಟಿ ಕಣೋ, ಎರಡು!” ಎಂದು ಅವರು ಬೆರಳೆತ್ತಿ ತೋರಿಸುತ್ತಿದ್ದಾಗ ಅವರ ಧ್ವನಿ ಮನೆಯವರು ಯಾರೋ ತೀರಿಕೊಂಡ ಸುದ್ದಿಯನ್ನು ಹೇಳುವವರ ಧ್ವನಿಯಂತೆ ಕುಗ್ಗುತ್ತಿದ್ದಿತು. ಬಾಲ್ಯದಲ್ಲಿ ನಾನು ಆ ತೀರ್ಪನ್ನು ಪ್ರಶ್ನಿಸದೆ ಒಪ್ಪಿಕೊಂಡೆ. ಅದು ಅಪೂರ್ಣವಾದ ತೀರ್ಪು ಎಂದು ತಿಳಿಯಲು ನನಗೆ ಅರ್ಧ ಆಯುಷ್ಯವೇ ಬೇಕಾಯಿತು.

ಆ ಪಂದ್ಯ ನಡೆದದ್ದು 1948ನೆಯ ಇಸವಿಯ ಜುಲೈ 31ರಂದು, ಲಂಡನ್ ಒಲಿಂಪಿಕ್ಸಿನ ಅಂಗವಾಗಿ, ಇಲ್ಫರ್ಡಿನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ. ಸ್ವತಂತ್ರ ಭಾರತಕ್ಕೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಎದುರಾಳಿ ಫ್ರಾನ್ಸ್. ನಮ್ಮ ತಂಡದ ನಾಯಕರು ನಾಗಾ ಬೆಟ್ಟಗಳಿಂದ ಕಲ್ಕತ್ತೆಗೆ ವೈದ್ಯಶಾಸ್ತ್ರವನ್ನೋದಲು ಬಂದು ಮೋಹನ್ ಬಗಾನ್ ತಂಡದ ಆಧಾರಸ್ತಂಭವಾಗಿದ್ದ ತಾಲಿಮೆರೆನ್ ಆವ್. ತರಬೇತುದಾರರು ಬಲಾಯಿದಾಸ್ ಚಟರ್ಜಿ. ಮೈದಾನಕ್ಕಿಳಿದವರಲ್ಲಿ ಹೆಚ್ಚಿನವರ ಕಾಲಿನಲ್ಲಿ ಬೂಟುಗಳಿರಲಿಲ್ಲ. ಕೆಲವರು ಪಾದಕ್ಕೆ ಬಟ್ಟೆಯ ಪಟ್ಟಿ ಸುತ್ತಿಕೊಂಡಿದ್ದರು, ಅಷ್ಟೆ.

ಬರಿಗಾಲೆಂದರೆ ಬಡತನದ ಗುರುತೆಂದು ಇಂದಿನವರು ಎಣಿಸುವುದುಂಟು; ಅಂದಿನವರಿಗೆ ಅದು ಅಭಿಮಾನದ ಚಿಹ್ನೆಯೂ ಆಗಿದ್ದಿತು. 1911ರಲ್ಲಿ ಮೋಹನ್ ಬಗಾನ್ ತಂಡದವರು ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬರಿಗಾಲಿನಲ್ಲಿಯೇ ಆಡಿ, ಬೂಟು ತೊಟ್ಟ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದಂದಿನಿಂದ, ದೊರೆಗಳ ಆಟವನ್ನು ದೊರೆಗಳಿಗಿಂತ ಚೆನ್ನಾಗಿ ನಾವು ನಮ್ಮ ಕಾಲಿನಿಂದಲೇ ಆಡಬಲ್ಲೆವೆಂಬ ವಿಶ್ವಾಸವು ದೇಶದಲ್ಲೆಲ್ಲ ಬೇರೂರಿದ್ದಿತು. ನಮ್ಮ ಊರಿನಲ್ಲಿಯೂ ಸಿಪಾಯಿಗಳು ತಂದ ಈ ಆಟವನ್ನು ದಂಡಿನ ಸುತ್ತಲಿನ ಬಡಾವಣೆಗಳ ಹುಡುಗರು ಕಸಿದುಕೊಂಡು ತಮ್ಮದಾಗಿಸಿಕೊಂಡಿದ್ದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಕಲ್ಕತ್ತೆಯ ಪ್ರಬಲವಾದ ಮೊಹಮ್ಮಡನ್ ಸ್ಪೋರ್ಟಿಂಗನ್ನು ಸೋಲಿಸಿ ಮುಂಬಯಿಯ ರೋವರ್ಸ್ ಕಪ್ಪನ್ನು ಪಡೆಯಿತು. ಅಲ್ಲಿಯವರೆಗೆ ಸೇನಾದಳಗಳ ಸ್ವತ್ತಿನಂತಿದ್ದ ಆ ಬಟ್ಟಲು ಭಾರತೀಯ ನಾಗರಿಕರ ಕೈಗೆ ಬಂದುದು ಅದೇ ಮೊದಲು. ಮರುವರ್ಷವೂ ಅದನ್ನು ಬಿಟ್ಟುಕೊಡಲಿಲ್ಲ. 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಆದಕಾರಣ ಲಂಡನ್ನಿಗೆ ಹೋದ ತಂಡದಲ್ಲಿ ಅಹ್ಮದ್ ಖಾನ್, ಸಾರಂಗಪಾಣಿ ರಾಮನ್ ಮೊದಲಾಗಿ ನಮ್ಮವರು ಹಲವರಿದ್ದುದು ಯಾರ ಔದಾರ್ಯದಿಂದಲೂ ಬಂದ ಮನ್ನಣೆಯಲ್ಲ. ಮೈದಾನದಲ್ಲಿ ಸಂಪಾದಿಸಿದ ಹಕ್ಕು.

ಪಂದ್ಯದ 30ನೆಯ ನಿಮಿಷದಲ್ಲಿ ಕೂರ್ಬ್ಯಾಂ ಫ್ರಾನ್ಸಿಗೆ ಮೊದಲ ಗೋಲನ್ನು ತಂದುಕೊಟ್ಟ. 70ನೆಯ ನಿಮಿಷದಲ್ಲಿ ರಾಮನ್ ಅದನ್ನು ಸರಿಗಟ್ಟಿದರು. ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಸ್ವತಂತ್ರ ಭಾರತದ ಲೆಕ್ಕಕ್ಕೆ ಜಮೆಯಾದ ಪ್ರಪ್ರಥಮ ಗೋಲು ಬೆಂಗಳೂರಿನ ಮಣ್ಣಿನಲ್ಲಿ ಪಳಗಿದ ಕಾಲಿನದು. ಪಂದ್ಯದಲ್ಲಿ ನಮಗೆ ದೊರೆತ ಎರಡು ಪೆನಾಲ್ಟಿಗಳಲ್ಲಿ ಒಂದನ್ನು ಶೈಲೇನ್ ಮನ್ನಾ, ಇನ್ನೊಂದನ್ನು ಮಹಾವೀರ್ ಪ್ರಸಾದ್ ಹೊಡೆದರು, ಎರಡೂ ಗೋಲಾಗಲಿಲ್ಲ. 89ನೆಯ ನಿಮಿಷದಲ್ಲಿ ಪರ್ಸಿಯೋಂ ಫ್ರಾನ್ಸಿನ ಎರಡನೆಯ ಗೋಲನ್ನು ಹೊಡೆದ. 2-1. ಭಾರತ ಪಂದ್ಯಾವಳಿಯಿಂದ ಹೊರಬೀಳಬೇಕಾಯಿತು.

ಈಗ ತಕ್ಕಡಿಯನ್ನು ಹಿಡಿಯೋಣ.

ಮನ್ನಾ ಅವರ ಮೇಲಿನ ದೂರು ಎಲ್ಲಕ್ಕಿಂತ ದೊಡ್ಡದು, ಏಕೆಂದರೆ ಅವರ ಹೊಡೆತದ ಬಲದಲ್ಲಿ ಜನ ಇಟ್ಟಿದ್ದ ನಂಬಿಕೆಯೂ ಅಷ್ಟೇ ದೊಡ್ಡದು. ಆದರೆ ಬ್ಯಾಕ್ ಸ್ಥಾನದಲ್ಲಿ ನಿಲ್ಲುವ ಆಟಗಾರನ ಕರ್ತವ್ಯವೇನು? ಬರುವ ದಾಳಿಯನ್ನು ತಡೆಯುವುದು. ವೃತ್ತಿನಿರತ ಕಾಲ್ಚೆಂಡಾಟದ ನೆಲದಿಂದ ಬಂದ ತಂಡವೊಂದನ್ನು ಬರಿಗಾಲಿನ ತಂಡ 88 ನಿಮಿಷಗಳ ಕಾಲ ಒಂದೇ ಗೋಲಿಗೆ ಕಟ್ಟಿಹಾಕಿತೆಂದರೆ, ಆ ಗೌರವದಲ್ಲಿ ಸಿಂಹಪಾಲು ಹಿಂಬದಿಯವರಿಗೂ ಅವರ ಮುಂದೆ ನಿಂತ ಆವ್ ಅವರಿಗೂ ಸಲ್ಲತಕ್ಕದ್ದು. ಒಂದು ಕ್ಷಣದ ಹೊಡೆತವನ್ನು ಒಂದು ಬಟ್ಟಲಿನಲ್ಲಿಯೂ ಒಂದೂವರೆ ಗಂಟೆಯ ದುಡಿಮೆಯನ್ನು ಇನ್ನೊಂದರಲ್ಲಿಯೂ ಇಟ್ಟು, ಕ್ಷಣದ ಕಡೆಗೇ ಮುಳ್ಳು ವಾಲಿತೆಂದು ಹೇಳುವ ನ್ಯಾಯ ನನಗೆ ಒಪ್ಪಿತವಲ್ಲ. ಪೆನಾಲ್ಟಿ ಎಲ್ಲರ ಕಣ್ಣಿಗೂ ಬೀಳುತ್ತದೆ: ಚೆಂಡು ನಿಂತಿರುತ್ತದೆ, ಹೊಡೆಯುವವನು ಒಬ್ಬನೇ ಇರುತ್ತಾನೆ, ಉಳಿದವರೆಲ್ಲ ದೂರ ಸರಿದು ನಿಂತಿರುತ್ತಾರೆ. ತಪ್ಪು ಯಾರದೆಂದು ಕೇಳುವ ಅಗತ್ಯವೇ ಅಲ್ಲಿಲ್ಲ. ಆದುದರಿಂದಲೇ ಜನರ ನೆನಪು ಅಲ್ಲಿಗೆ ಅಂಟಿಕೊಳ್ಳುತ್ತದೆ. ಚರ್ಮದ, ದಾರ ಬಿಗಿದು ಹೊಲಿದ ಅಂದಿನ ಚೆಂಡನ್ನು ನಿಂತಲ್ಲಿಂದ ಬರಿಯ ಪಾದದಿಂದ ಗೋಲಿನ ಮೂಲೆಗೆ ಬಲವಾಗಿ ಅಟ್ಟುವುದು ಎಂತಹ ಕಷ್ಟವೆಂಬುದನ್ನು ಕಾಲಿನಲ್ಲಿ ಬೂಟಿಟ್ಟು ಬೆಳೆದವರು ಸುಲಭವಾಗಿ ಊಹಿಸಲಾರರು. ಮಹಾವೀರ್ ಅವರ ವಿಷಯದಲ್ಲಿಯೂ ನನ್ನ ಅಭಿಪ್ರಾಯ ಇದೇ.

ಅಹ್ಮದ್ ಖಾನರನ್ನು ತೂಗುವಾಗ ನಾನು ನಿಷ್ಪಕ್ಷಪಾತಿಯೆಂದು ಹೇಳಿಕೊಳ್ಳಲಾರೆ. ಕಾಲ್ಚೆಂಡೇ ಕುಲವಿದ್ಯೆಯಾಗಿದ್ದ ಬೆಂಗಳೂರಿನ ಮನೆತನದಲ್ಲಿ ಹುಟ್ಟಿ, ಬಳಿಕ ಈಸ್ಟ್ ಬೆಂಗಾಲ್ ತಂಡವನ್ನು ಸೇರಿ, ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ ಇವರೊಡನೆ ‘ಪಂಚಪಾಂಡವ’ರೆಂದು ಕಲ್ಕತ್ತೆಯ ಜನರಿಂದ ಕರೆಸಿಕೊಂಡ ಆ ಆಟಗಾರರು ಚೆಂಡನ್ನು ಕಾಲಿನಿಂದ ಒದೆಯುತ್ತಿದ್ದರೆನ್ನುವುದಕ್ಕಿಂತ ಕಾಲಿನಿಂದ ಸವರುತ್ತಿದ್ದರೆನ್ನುವುದು ಸರಿ. ಹಾವಾಡಿಗನೆಂಬ ಹೆಸರು ಅವರಿಗೆ ಸುಮ್ಮನೆ ಬಂದುದಲ್ಲ. ಚೆಂಡಿನ ಸ್ಪರ್ಶವನ್ನು ಬೆರಳುಗಳಿಂದಲೇ ಅರಿಯುವ ಆ ವಿದ್ಯೆಗೆ ಬರಿಗಾಲೇ ಮೂಲಧನ.

ಹಾಗಾದರೆ ಸೋಲಿನ ಕಾರಣವೆಲ್ಲಿ? ಬಹುಕಾಲ ನನ್ನ ಕಣ್ಣೆದುರಿಗೇ ಇದ್ದು ನನಗೆ ಕಾಣದಿದ್ದ ಸಂಗತಿಯೊಂದಿದೆ. ಅಂದಿನ ನಮ್ಮ ದೇಶದ ಪಂದ್ಯಾವಳಿಗಳಲ್ಲಿ ಆಟದ ಅವಧಿ 90 ನಿಮಿಷವಾಗಿರಲಿಲ್ಲ. ಬಹುಮಟ್ಟಿಗೆ 70 ನಿಮಿಷ. ಕೆಲವೆಡೆ ಅದಕ್ಕಿಂತಲೂ ಕಡಿಮೆ. ಬಿಸಿಲು ತಗ್ಗಿ, ಕಚೇರಿ ಕಾರ್ಖಾನೆಗಳು ಬಿಟ್ಟು, ಜನ ಬಂದು ಸೇರಿದ ಮೇಲೆ ಆರಂಭವಾಗಿ ಕತ್ತಲಾಗುವುದರೊಳಗೆ ಮುಗಿಯಬೇಕಾಗಿದ್ದ ಆಟಕ್ಕೆ ಅಷ್ಟೇ ಸಾಕೆಂದು ವ್ಯವಸ್ಥಾಪಕರು ತೀರ್ಮಾನಿಸಿದ್ದರು; ಆಟಗಾರರ ಉಸಿರೂ ಸ್ನಾಯುಗಳೂ ಮನಸ್ಸೂ ಆ ಅಳತೆಗೇ ಒಗ್ಗಿಹೋಗಿದ್ದವು. 1951ರಲ್ಲಿ ನಾವು ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡೆಗಳನ್ನು ನಡೆಸಿ, ಮನ್ನಾ ಅವರ ನಾಯಕತ್ವದಲ್ಲಿ, ಮೇವಾಲಾಲರ ಒಂದೇ ಗೋಲಿನಿಂದ ಇರಾನನ್ನು ಸೋಲಿಸಿ ಸ್ವರ್ಣಪದಕವನ್ನು ಪಡೆದಾಗಲೂ ಅಲ್ಲಿಯ ಪಂದ್ಯಗಳು 80 ನಿಮಿಷಗಳವೇ.

ಈ ಅಳತೆಗೋಲನ್ನು ಹಿಡಿದು ಮತ್ತೆ ಇಲ್ಫರ್ಡಿಗೆ ಹೋಗಿ ನೋಡಿದರೆ ಮೈ ನವಿರೇಳುತ್ತದೆ. ರಾಮನ್ ಅವರ ಗೋಲು ಬಂದುದು 70ನೆಯ ನಿಮಿಷದಲ್ಲಿ. ನಮ್ಮೂರಿನ ಪಂದ್ಯವಾಗಿದ್ದರೆ ತೀರ್ಪುಗಾರನ ಕೊನೆಯ ಸೀಟಿ ಕೇಳಬೇಕಾದ ಗಳಿಗೆ ಅದು. 1-1ರಲ್ಲಿ ಆಟ ಮುಗಿದು ಜನ ತೃಪ್ತಿಯಿಂದಲೋ ಅತೃಪ್ತಿಯಿಂದಲೋ ಚಹದಂಗಡಿಯತ್ತ ಹೊರಡಬೇಕಾದ ಹೊತ್ತು. ಅಲ್ಲಿಂದಾಚೆಗಿನ 20 ನಿಮಿಷ ನಮ್ಮ ಆಟಗಾರರಿಗೆ ಅಪರಿಚಿತ ಪ್ರದೇಶ. ದಣಿದವನ ಬದಲಿಗೆ ಇನ್ನೊಬ್ಬನನ್ನು ಇಳಿಸುವ ಪದ್ಧತಿಯೂ ಅಂದು ಇರಲಿಲ್ಲವಾದ್ದರಿಂದ, ಆ ಹನ್ನೊಂದು ಜನವೇ, ಹೆಚ್ಚಿನವರು ಬರಿಗಾಲಿನಲ್ಲಿ, ತಮ್ಮ ದೇಹಕ್ಕೆ ಯಾರೂ ಕಲಿಸದಿದ್ದ ಆ ಕಾಲಾವಧಿಯನ್ನು ದಾಟಬೇಕಾಯಿತು; 19 ನಿಮಿಷಗಳನ್ನು ದಾಟಿದರು ಕೂಡ. ಎಡವಿದುದು ದಡದ ಬಳಿ. ಈ ಸೋಲಿನ ಹೊಣೆಯನ್ನು ಹೊರತಕ್ಕವರು ಇಲ್ಫರ್ಡಿನ ಮೈದಾನದಲ್ಲಿ ಇರಲಿಲ್ಲ. ಊರಿನಲ್ಲಿ ವೇಳಾಪಟ್ಟಿಯನ್ನು ಬರೆದವರು ಅವರು, ಮತ್ತು ಆ ವೇಳಾಪಟ್ಟಿಯನ್ನು ಪ್ರಶ್ನಿಸದೆ ಮೈದಾನದ ಅಂಚಿನಲ್ಲಿ ನಿಂತು ನೋಡಿದ ನನ್ನಂತಹ ಅಭಿಮಾನಿಗಳ ಹಿರಿಯರು.

ಇದೇ ತಂಡ ಒಲಿಂಪಿಕ್ಸ್ ಮುಗಿದ ಮೇಲೆ ಯೂರೋಪಿನಲ್ಲಿ ಪ್ರವಾಸ ಮಾಡುತ್ತ ಆಮ್‌ಸ್ಟರ್‌ಡಾಮಿನಲ್ಲಿ ಅಯಾಕ್ಸ್ ತಂಡವನ್ನು 5-1ರಿಂದ ಸೋಲಿಸಿತು. ಅದನ್ನು ನಮ್ಮವರು ನೆನೆಯುವುದೇ ಕಡಿಮೆ.

ನಾಲ್ಕು ವರ್ಷಗಳ ಬಳಿಕ, 1952ರ ಜುಲೈ 15ರಂದು, ಹೆಲ್ಸಿಂಕಿಯಲ್ಲಿ ನಡೆದುದನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ. ಯುಗೋಸ್ಲಾವಿಯ 10, ಭಾರತ 1. ಎರಡನೆಯ ನಿಮಿಷಕ್ಕೇ ಮೊದಲ ಗೋಲು ಬಿದ್ದಿತು. ಅರ್ಧ ಆಟ ಮುಗಿಯುವಷ್ಟರಲ್ಲಿ ಐದು. ಜೆಬೆಕ್ ಒಬ್ಬನೇ ನಾಲ್ಕು ಹೊಡೆದ. ಇಲ್ಲಿ ನನ್ನ 70 ನಿಮಿಷಗಳ ವಾದ ನಿಲ್ಲುವುದಿಲ್ಲವೆಂಬುದನ್ನು ನಾನೇ ಒಪ್ಪಿಕೊಳ್ಳಬೇಕು; ಕಾಲು ಗಂಟೆಯೊಳಗೆ ಎರಡು ಗೋಲು ತಿಂದ ತಂಡ ದಣಿವಿನಿಂದ ಸೋತಿತೆನ್ನಲಾಗದು. ಆ ಯುಗೋಸ್ಲಾವಿಯ ಸಾಧಾರಣ ತಂಡವಲ್ಲ, ಅಂತಿಮ ಪಂದ್ಯದವರೆಗೆ ನಡೆದು ಹಂಗೆರಿಯೊಂದಕ್ಕೇ ಮಣಿದುದು. ಹಿಂದೆ ಇಬ್ಬರೇ ಬ್ಯಾಕುಗಳನ್ನು ನಿಲ್ಲಿಸಿ ಆಡುವ ನಮ್ಮ ಹಳೆಯ ವ್ಯೂಹವು, ಐವರು ಸ್ಥಾನ ಬದಲಿಸುತ್ತ ನುಗ್ಗಿ ಬರುವ ದಾಳಿಯ ಮುಂದೆ ಹರಿದ ಬಲೆಯಂತಾಯಿತು. ಆ ದಿನ ನಮ್ಮ ಗೋಲನ್ನು ಕಾಯ್ದವರನ್ನು ಯಾರೂ ಬೈಯಬಾರದು.

ಆದರೆ ದೇಶಕ್ಕೆ ಕಣ್ಣಿಗೆ ಕಾಣುವ ಅಪರಾಧಿಯೊಬ್ಬ ಬೇಕಾಗಿದ್ದ. ಈ ಸಲ ಸಿಕ್ಕಿದ್ದು ಬರಿಗಾಲು. ಶೀಘ್ರದಲ್ಲಿಯೇ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ಬೂಟುಗಳನ್ನು ಕಡ್ಡಾಯಗೊಳಿಸಿತು. ಥಂಡಿ ನೆಲದಲ್ಲಿ ಬೂಟು ಅವಶ್ಯವೆಂಬುದು ನಿಜ. ಆ ನಿಯಮವನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಸೋಲಿನಿಂದ ನಿಜವಾದ ಪಾಠವನ್ನು ಕಲಿತವರು ಅಂದಿನ ತರಬೇತುದಾರರಾದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಸಾಹೇಬರು. ಅವರು ಹೆಲ್ಸಿಂಕಿಯಲ್ಲಿ ಹಂಗೆರಿಯವರ ಆಟವನ್ನು ಕಣ್ಣಿಟ್ಟು ನೋಡಿದರು. ಊರಿಗೆ ಮರಳಿ, ಚೆಂಡನ್ನು ತಾನೇ ಎಳೆದುಕೊಂಡು ಓಡುವ ಚಪಲ ಹೋಗಲೆಂದು ಡ್ರಿಬ್ಲಿಂಗ್ ನಿಷೇಧಿಸಿದ ಪಂದ್ಯಾವಳಿಗಳನ್ನೂ, ಎರಡೂ ಕಾಲು ಸಮನಾಗಿ ಪಳಗಲೆಂದು ದುರ್ಬಲವಾದ ಕಾಲಿನಿಂದ ಮಾತ್ರ ಒದೆಯಬೇಕೆಂಬ ಪಂದ್ಯಾವಳಿಗಳನ್ನೂ ನಡೆಸಿದರು. ಅದರ ಫಲ 1956ರ ಮೆಲ್ಬರ್ನಿನಲ್ಲಿ ಕಾಣಿಸಿತು: ಆಸ್ಟ್ರೇಲಿಯದ ಮೇಲೆ 4-2ರ ಜಯ, ನೆವಿಲ್ ಡಿಸೋಜಾ ಅವರ ಮೂರು ಗೋಲು, ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ. ಒಬ್ಬೊಬ್ಬ ಆಟಗಾರನ ತಪ್ಪನ್ನು ಎಣಿಸುತ್ತ ಕೂರದೆ, ಆ ತಪ್ಪಿಗೆ ಎಡೆಮಾಡಿಕೊಟ್ಟ ಅಭ್ಯಾಸವನ್ನೇ ಹಿಡಿದು ತಿದ್ದಿದ ಆ ದೃಷ್ಟಿಯನ್ನು ನೆನೆದಾಗಲೆಲ್ಲ ನನಗೆ ಅವರ ಕಾಲು ಮುಟ್ಟಿ ನಮಸ್ಕರಿಸಬೇಕೆನ್ನಿಸುತ್ತದೆ.

ನಮ್ಮ ಸೋದರಮಾವ ಹಾಸಿಗೆ ಹಿಡಿದಿದ್ದಾಗ ಒಂದು ಸಂಜೆ ನಾನು ಈ ನಿಮಿಷಗಳ ಲೆಕ್ಕವನ್ನೆಲ್ಲ ಅವರ ಮುಂದೆ ಒಪ್ಪಿಸಿದೆ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಬಹಳ ಹೊತ್ತಿನ ಮೇಲೆ, “ರಾಮನ್ ಹೊಡೆದದ್ದು ಎಷ್ಟನೇ ನಿಮಿಷ ಅಂದೆ?” ಎಂದರು.

“ಎಪ್ಪತ್ತು, ಮಾವ.”

“ಹೆಲ್ಸಿಂಕಿಯಲ್ಲಿ ನಮ್ಮದು ಒಂದು ಗೋಲು ಇತ್ತಲ್ಲ, ಅದು?”

ಅದು ಅಹ್ಮದ್ ಖಾನರದು. ಹತ್ತು ಗೋಲು ತಿಂದು, ಗೆಲ್ಲುವ ಆಸೆಯಾಗಲಿ ಮಾನ ಉಳಿಸಿಕೊಳ್ಳುವ ಆಸೆಯಾಗಲಿ ಉಳಿಯದಿದ್ದ ಮೇಲೆ, 89ನೆಯ ನಿಮಿಷದಲ್ಲಿ ಹೊಡೆದದ್ದು ಎಂದು ಹೇಳಿದೆ.

ಅವರು ತಲೆದಿಂಬಿನ ಮೇಲೆಯೇ ನಿಧಾನವಾಗಿ ತಲೆಯಾಡಿಸಿದರು. “ಅಲ್ಲಿಯವರೆಗೂ ಓಡ್ತಾನೇ ಇದ್ದ ನೋಡು, ನಮ್ಮೂರ ಹುಡುಗ” ಎಂದು ಕಣ್ಣು ಮುಚ್ಚಿಕೊಂಡರು. ಪೆನಾಲ್ಟಿಗಳ ಮಾತನ್ನು ಅಂದು ಅವರು ಎತ್ತಲಿಲ್ಲ.