ಕಾಳಿ: ವಿದ್ಯುತ್ತಿನ ಲೆಕ್ಕಕ್ಕೆ ಹರಿಯುವ ಹೊಳೆ

ಮಳೆಗಾಲ ಮುಗಿದು ನಾಲ್ಕೈದು ತಿಂಗಳಾದರೆ ಪಶ್ಚಿಮ ಘಟ್ಟದ ಬಹುತೇಕ ಹೊಳೆಗಳು ಸೊರಗಿ ಬಂಡೆಗಳ ಸಂದಿಯಲ್ಲಿ ಅಡಗಿಕೊಳ್ಳುತ್ತವೆ. ಉತ್ತರ ಕನ್ನಡದ ಕಾಳಿ ನದಿಯ ರೀತಿಯೇ ಬೇರೆ. ಏಪ್ರಿಲ್‌ನ ಉರಿಬಿಸಿಲಿನಲ್ಲೂ ದಾಂಡೇಲಿ ಸಮೀಪದ ಗಣೇಶಗುಡಿಯಲ್ಲಿ ಅದು ನೊರೆಯುಕ್ಕಿಸಿ ಹರಿಯುವುದುಂಟು. ರಬ್ಬರ್ ದೋಣಿಯಲ್ಲಿ ಕುಳಿತ ಪ್ರವಾಸಿಗರು ಅಲೆ ಬಡಿದಾಗಲೆಲ್ಲ ಕೇಕೆ ಹಾಕುತ್ತಾರೆ. ಜಡಿಮಳೆಯ ತಿಂಗಳುಗಳಲ್ಲಿ ಈ ಆಟಕ್ಕೆ ಬಿಡುವು, ಬೇಸಿಗೆಯಲ್ಲಿ ಭರಾಟೆ. ಈ ವಿಚಿತ್ರಕ್ಕೆ ಕಾರಣ ತುಸು ಮೇಲೆ ನಿಂತಿರುವ ಸೂಪಾ ಅಣೆಕಟ್ಟು.

ಜೋಯಿಡಾ ತಾಲ್ಲೂಕಿನ ಡಿಗ್ಗಿ ಬಳಿಯ ಕಾಡಿನಲ್ಲಿ ಹುಟ್ಟುವ ಕಾಳಿಯ ಉದ್ದ ಸುಮಾರು 184 ಕಿ.ಮೀ. ಹುಟ್ಟಿದ ಜಿಲ್ಲೆಯಲ್ಲೇ ಕಡಲು ಸೇರುತ್ತದೆ. ಆದರೆ ನೇರ ದಾರಿ ಹಿಡಿಯುವುದಿಲ್ಲ. ಮೊದಲು ಸಮುದ್ರಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಸಾಗಿ, ದಾಂಡೇಲಿ ದಾಟಿದ ಮೇಲೆ ದಕ್ಷಿಣಕ್ಕೆ ಹೊರಳಿ, ಆಮೇಲೆ ಪಶ್ಚಿಮಕ್ಕೆ ಘಟ್ಟ ಇಳಿದು ಕಾರವಾರ ತಲುಪುತ್ತದೆ. ಧಾರಾಳ ಮಳೆ, ಕಡಿದಾದ ಇಳಿಜಾರು: ವಿದ್ಯುತ್ ಎಂಜಿನಿಯರುಗಳಿಗೆ ಇನ್ನೇನು ಬೇಕು?

ಕಾಳಿಗೆ ಪಾಂಡರಿ ಹೊಳೆ ಬಂದು ಸೇರುವಲ್ಲಿ ಸೂಪಾ ಎಂಬ ಊರಿತ್ತು. ಸಣ್ಣ ಊರೇ ಆದರೂ ತಾಲ್ಲೂಕು ಕೇಂದ್ರ. 1987ರಲ್ಲಿ ಪೂರ್ಣಗೊಂಡ, 101 ಮೀಟರ್ ಎತ್ತರದ ಅಣೆಕಟ್ಟು ಸುಮಾರು 147 ಟಿಎಂಸಿ ನೀರನ್ನು ಹಿಡಿಯಬಲ್ಲದು. ಆ ನೀರಿನಡಿ ಸೂಪಾ ಹೋಯಿತು, ಸುತ್ತಲಿನ ಹಳ್ಳಿಗಳೂ ಗದ್ದೆಗಳೂ ಹೋದವು. ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂತು. ನೆಲೆ ಕಳೆದುಕೊಂಡ ಅನೇಕರಿಗೆ ರಾಮನಗರ ಎಂಬ ಹೊಸ ಊರು ಎದ್ದಿತು. ಹಳೆಯ ಊರಿನ ಹೆಸರು ಈಗ ಉಳಿದಿರುವುದು ಅದನ್ನು ಮುಳುಗಿಸಿದ ಅಣೆಕಟ್ಟಿಗೇ!

ಅಣೆಕಟ್ಟಿನ ಬುಡದಲ್ಲಿ ತಲಾ 50 ಮೆಗಾವಾಟ್‌ನ ಎರಡು ಘಟಕಗಳಿವೆ. ರಾಜ್ಯದಲ್ಲಿ ವಿದ್ಯುತ್ ಬೇಡಿಕೆ ಏರಿದಾಗ ಅವು ತಿರುಗುತ್ತವೆ. ತಿರುಗಿಸಿದ ನೀರು ಹೊಳೆಗೆ ಬೀಳುತ್ತದೆ. ಬೇಡಿಕೆ ಇಳಿದು ಘಟಕ ನಿಂತರೆ ನದಿಯೂ ಇಳಿಯುತ್ತದೆ. ಗಣೇಶಗುಡಿಯ ದೋಣಿಯವರು ಆಕಾಶಕ್ಕಿಂತ ವಿದ್ಯುದಾಗಾರದ ವೇಳಾಪಟ್ಟಿಯನ್ನೇ ಹೆಚ್ಚು ನಂಬಬೇಕು. ಹಣ ಕೊಟ್ಟು ಬಂದವರಿಗೆ ಜೀವರಕ್ಷಕ ಕವಚವಾದರೂ ಇದೆ. ಬಂಡೆಯ ಮೇಲೆ ಬಟ್ಟೆ ಒಗೆಯುವವರಿಗೆ, ಮೀನು ಹಿಡಿಯುವವರಿಗೆ ಏರುವ ನೀರೇ ಸೂಚನೆ.

ಸೂಪಾದ ಕೆಳಗೂ ನದಿ ಸ್ವತಂತ್ರವಲ್ಲ. ಬೊಮ್ಮನಹಳ್ಳಿಯಲ್ಲಿ ಮತ್ತೆ ತಡೆದು, ಸುರಂಗದ ಮೂಲಕ ನಾಗಝರಿ ವಿದ್ಯುದಾಗಾರಕ್ಕೆ ಇಳಿಸುತ್ತಾರೆ. ಮುಂದೆ ಕೊಡಸಳ್ಳಿ, ಅನಂತರ ಕದ್ರಾ. ಕೈಗಾ ಅಣು ವಿದ್ಯುತ್ ಸ್ಥಾವರ ಇರುವುದೂ ಕದ್ರಾ ಜಲಾಶಯದ ದಂಡೆಯಲ್ಲೇ. ಒಂದೇ ನೀರು ಹೀಗೆ ಮತ್ತೆ ಮತ್ತೆ ದುಡಿಯುತ್ತದೆ.

ಕಾಳಿಯ ಮೇಲೆ ವಿಹಾರ ಮಾತ್ರ ಇತ್ತೀಚಿನ ಚಟವಲ್ಲ. 1880ರ ದಶಕದ ಆರಂಭದಲ್ಲಿ ರವೀಂದ್ರನಾಥ ಟ್ಯಾಗೋರರು ಕಾರವಾರಕ್ಕೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರು. ಒಂದು ಬೆಳದಿಂಗಳ ರಾತ್ರಿ ಚಿಕ್ಕ ದೋಣಿಯಲ್ಲಿ ಪ್ರವಾಹಕ್ಕೆದುರಾಗಿ ಹೋಗಿ, ಬೆಟ್ಟದ ಕೋಟೆಯ ಬುಡದಲ್ಲಿ ಇಳಿದು, ಮರಳುವಾಗ ಇಳಿತದ ನೀರಿನೊಂದಿಗೆ ತೇಲಿ ಬಂದುದನ್ನು ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. ಅಳಿವೆ ತಲುಪುವಾಗ ಬಹಳ ಹೊತ್ತಾಗಿತ್ತು. ದೋಣಿ ಬಿಟ್ಟು ಮರಳ ಮೇಲೆ ನಡೆದೇ ಮನೆ ಸೇರಿದರು. ಅಂದು ದೋಣಿಯವರು ಲೆಕ್ಕ ಹಾಕಬೇಕಾಗಿದ್ದುದು ಕಡಲಿನ ಉಬ್ಬರ ಇಳಿತವನ್ನು.

ಕದ್ರಾದಿಂದ ಕೆಳಗಿನ ದಂಡೆಯವರಿಗೆ ಇಂದು ಇನ್ನೊಂದು ಲೆಕ್ಕವೂ ಸೇರಿಕೊಂಡಿದೆ. 2019ರ ಆಗಸ್ಟ್‌ನ ಭಾರೀ ಮಳೆಯಲ್ಲಿ ಜಲಾಶಯ ತುಂಬಿ ಕದ್ರಾದ ಗೇಟುಗಳನ್ನು ತೆರೆದಾಗ ಕಾರವಾರ ತಾಲ್ಲೂಕಿನ ಹಲವು ಹಳ್ಳಿಗಳಿಗೆ ನೀರು ನುಗ್ಗಿತು. 2021ರ ಜುಲೈನಲ್ಲಿ ಮತ್ತೆ ಅದೇ ಆಯಿತು. ಬೇಸಿಗೆಯಲ್ಲಿ ಪ್ರವಾಸಿಗರು ಸೂಪಾದಿಂದ ಯಾವಾಗ ನೀರು ಬಿಡುತ್ತಾರೆ ಎಂದು ವಿಚಾರಿಸುತ್ತಾರೆ. ಮಳೆಗಾಲದಲ್ಲಿ ಅದೇ ಪ್ರಶ್ನೆಯನ್ನು ಕದ್ರಾದ ಕೆಳಗಿನವರು ಕೇಳುತ್ತಾರೆ, ಪಾತ್ರೆ ಪಗಡ ಅಟ್ಟಕ್ಕೇರಿಸಬೇಕೇ ಬೇಡವೇ ಎಂದು ತಿಳಿಯಲು.